ಅಳಿಸಿದರೂ ಮರಳಿ ಬರುವ ಎಕ್ಸ್‌ಟೆನ್ಶನ್: ಎಲ್ಲಿ ಹುಡುಕಬೇಕು, ಯಾವ ಕ್ರಮದಲ್ಲಿ ತೆಗೆಯಬೇಕು

ನಮಸ್ಕಾರ. ಪರದೆಯ ಮೂಲೆಯಲ್ಲಿ ಮತ್ತೆ ಮತ್ತೆ ಜಾಹೀರಾತು ಮೂಡುತ್ತದೆ, ಹುಡುಕಿದ ಪದ ಅಪರಿಚಿತ ಪುಟಕ್ಕೆ ಹೋಗುತ್ತದೆ, ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಅಳಿಸಿದರೂ ಮರುದಿನ ಮತ್ತೆ ಬಂದು ಕುಳಿತಿರುತ್ತದೆ ಎಂದು ಬರೆದಿದ್ದೀರಿ. ವಿಂಡೋಸ್ ಮತ್ತು ಕ್ರೋಮ್ ಬಳಸುತ್ತಿರುವುದಾಗಿಯೂ ತಿಳಿಸಿದ್ದೀರಿ. ನನಗೆ ತೋರುವಂತೆ ಇವು ಎರಡು ಬೇರೆ ಬೇರೆ ತೊಂದರೆಗಳು: ಮೂಲೆಯ ಜಾಹೀರಾತು ಒಂದು, ಹುಡುಕಾಟವನ್ನು ತಿರುಗಿಸುವ, ಮರಳಿ ಬರುವ ಎಕ್ಸ್‌ಟೆನ್ಶನ್ ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡು ಚಿಕಿತ್ಸೆ ಮಾಡಿದ್ದರಿಂದಲೇ ನಿಮಗೆ ಇಷ್ಟು ದಿನ ಆಯಾಸವಾಗಿದೆ.

ಮೂಲೆಯ ಜಾಹೀರಾತು ಬಹುಮಟ್ಟಿಗೆ ನೋಟಿಫಿಕೇಶನ್ ಅನುಮತಿಯ ಫಲ. "ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದು ಯಾವುದೋ ಪುಟ ಕೇಳಿರುತ್ತದೆ, ನಾವು ಒತ್ತಿರುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗದ ಸೈಟ್ ಸೆಟ್ಟಿಂಗ್ಸ್ ತೆರೆದು, ನೋಟಿಫಿಕೇಶನ್ಸ್ ಪಟ್ಟಿಯಲ್ಲಿ ನಿಮಗೆ ಪರಿಚಯವಿಲ್ಲದ ಪ್ರತಿಯೊಂದು ವಿಳಾಸವನ್ನೂ ತೆಗೆದುಹಾಕಿ. ಇದು ಎರಡು ನಿಮಿಷದ ಕೆಲಸ.

ಮರಳಿ ಬರುವ ಎಕ್ಸ್‌ಟೆನ್ಶನ್ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. ಮೊದಲು ಸಿಂಕ್ (ಒಂದೇ ಖಾತೆಯ ಸಾಧನಗಳನ್ನು ಒಂದೇ ರೀತಿ ಇಡುವ ವ್ಯವಸ್ಥೆ) ನಿಲ್ಲಿಸಿ. ಅದೇ ಖಾತೆ ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದಿದ್ದರೆ, ಅಲ್ಲಿ ಸೇರಿಕೊಂಡದ್ದು ಇಲ್ಲಿಗೂ ಬರುತ್ತದೆ. ಆದ್ದರಿಂದ ಎರಡನ್ನೂ ಶುಚಿಗೊಳಿಸುವವರೆಗೆ ಸಿಂಕ್ ಬೇಡ. ಬಳಿಕ ಎಕ್ಸ್‌ಟೆನ್ಶನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಪ್ರತಿಯೊಂದರ ಕೆಳಗೂ 32 ಅಕ್ಷರಗಳ ಐಡಿ ಕಾಣಿಸುತ್ತದೆ. ಸಂಶಯವಿರುವುದರ ಐಡಿಯನ್ನು ನಕಲು ಮಾಡಿ ಇಟ್ಟುಕೊಳ್ಳಿ, ಏಕೆಂದರೆ ಮುಂದಿನ ಹುಡುಕಾಟಕ್ಕೆ ಅದೇ ಆಧಾರ; ಹೆಸರನ್ನು ನಂಬಿದರೆ ದಾರಿ ತಪ್ಪುತ್ತೀರಿ.

ಈಗ ವಿಳಾಸ ಪಟ್ಟಿಯಲ್ಲಿ chrome://policy ಎಂದು ಬರೆದು ಕ್ರೋಮ್‌ನ ಪಾಲಿಸಿ ಪುಟವನ್ನು ತೆರೆಯಿರಿ. ಕಚೇರಿಗಳು ತಮ್ಮ ಕಂಪ್ಯೂಟರುಗಳನ್ನು ನಿಯಂತ್ರಿಸಲೆಂದು ಇರುವ ವ್ಯವಸ್ಥೆ ಇದು. ಆ್ಯಡ್‌ವೇರ್, ಅಂದರೆ ಜಾಹೀರಾತು ತುರುಕುವ ತಂತ್ರಾಂಶ, ಅದನ್ನೇ ದುರುಪಯೋಗಪಡಿಸಿಕೊಳ್ಳುತ್ತದೆ. ಅಲ್ಲಿ "ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" (ಕಡ್ಡಾಯವಾಗಿ ಸೇರಿಸುವ ಎಕ್ಸ್‌ಟೆನ್ಶನ್‌ಗಳ ಪಟ್ಟಿ) ಎಂಬ ಸಾಲಿದ್ದು, ಅದರಲ್ಲಿ ನೀವು ನಕಲು ಮಾಡಿದ ಐಡಿಯೇ ಇದ್ದರೆ ಕಾರಣ ಸಿಕ್ಕಂತಾಯಿತು. ಇಂಥ ಎಕ್ಸ್‌ಟೆನ್ಶನ್‌ಗೆ ಅಳಿಸುವ ಗುಂಡಿ ಕೆಲಸ ಮಾಡುವುದಿಲ್ಲ, ಮೆನುವಿನ ತುದಿಯಲ್ಲಿ ಬ್ರೌಸರನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ ಎಂಬ ಸಂದೇಶವೂ ಕಾಣಿಸಬಹುದು. ಕೆಲವು ಪ್ರಾಮಾಣಿಕ ಭದ್ರತಾ ತಂತ್ರಾಂಶಗಳೂ ಪಾಲಿಸಿ ಬರೆಯುವುದರಿಂದ ಆ ಸಂದೇಶ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಕಂಪ್ಯೂಟರ್ ಕಚೇರಿಯದಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಅಲ್ಲಿನ ತಾಂತ್ರಿಕ ವಿಭಾಗಕ್ಕೆ ತಿಳಿಸಿ. ಸ್ವಂತದ್ದಾಗಿದ್ದರೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕಡತ; regedit ನಡೆಸಿದರೆ ತೆರೆಯುತ್ತದೆ) ಲೋಕಲ್ ಮಷೀನ್ ಮತ್ತು ಕರೆಂಟ್ ಯೂಸರ್ ಎರಡರಲ್ಲೂ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ದಾರಿಯಲ್ಲಿ ಹೋಗಿ, ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಆ ಐಡಿ ಇರುವ ನಮೂದನ್ನು ಮಾತ್ರ ಅಳಿಸಿ.

ಆದರೆ ಆ ನಮೂದನ್ನು ಬರೆದ ಪ್ರೋಗ್ರಾಂ ಹಾಗೆಯೇ ಉಳಿದಿದ್ದರೆ ಅದು ನಾಳೆ ಮತ್ತೆ ಬರೆಯುತ್ತದೆ. ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಏನು ಸೇರಿದೆ ಎಂದು ನೋಡಿ. ಉಚಿತ ತಂತ್ರಾಂಶವೊಂದರ ಜೊತೆಗೆ ಬಂದ ಪಿಡಿಎಫ್ ಪರಿವರ್ತಕವೋ ಡೌನ್‌ಲೋಡ್ ಸಹಾಯಕವೋ ಅಲ್ಲಿ ಸಿಗುವುದು ಸಾಮಾನ್ಯ. ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅರ್ಥವಿಲ್ಲದ ಹೆಸರಿನ ಕೆಲಸಗಳಿದ್ದರೆ, ಅವು ಯಾವ ಫೈಲನ್ನು ನಡೆಸುತ್ತಿವೆ ಎಂದು ಪರಿಶೀಲಿಸಿ. ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಪೆಟ್ಟಿಗೆಯಲ್ಲಿ ಕರ್ಸರನ್ನು ಕೊನೆಯವರೆಗೆ ಸರಿಸಿ. ಒಮ್ಮೆ ನಾನು ನೋಡಿದ ಕಂಪ್ಯೂಟರಿನಲ್ಲಿ ಮುಚ್ಚಿದ ಉದ್ಧರಣ ಚಿಹ್ನೆಯ ನಂತರ ಒಂದು ಖಾಲಿ ಜಾಗ, ಅದರಾಚೆ ಪೂರ್ತಿ ಜಾಲವಿಳಾಸವೇ ಇತ್ತು. ಪೆಟ್ಟಿಗೆ ಚಿಕ್ಕದಾದ್ದರಿಂದ ಮೇಲ್ನೋಟಕ್ಕೆ ಅದು ಕಾಣುತ್ತಿರಲಿಲ್ಲ.

ಇಷ್ಟಾದ ಮೇಲೆ ಮಾಲ್‌ವೇರ್‌ಬೈಟ್ಸ್ ಕಂಪನಿಯ, ಆ್ಯಡ್‌ವೇರ್ ತೆಗೆಯುವ ಉಚಿತ ಸಾಧನ ಆ್ಯಡ್‌ಡಬ್ಲ್ಯುಕ್ಲೀನರ್ ಅನ್ನು ಅದರ ಅಧಿಕೃತ ತಾಣದಿಂದಲೇ ಪಡೆದು ಒಮ್ಮೆ ನಡೆಸಿ. ಕ್ರೋಮ್‌ನೊಳಗಿದ್ದ ಶುಚಿಗೊಳಿಸುವ ಸಾಧನವನ್ನು ಗೂಗಲ್ 2023ರಲ್ಲಿ ತೆಗೆದುಹಾಕಿದೆ, ಆದ್ದರಿಂದ ಅದನ್ನು ಬಳಸಿ ಎನ್ನುವ ಹಳೆಯ ಸಲಹೆಗಳು ಈಗ ಉಪಯೋಗಕ್ಕೆ ಬಾರವು. ಕೊನೆಯಲ್ಲಿ ಕ್ರೋಮ್ ರೀಸೆಟ್ ಮಾಡಿ. ಬುಕ್‌ಮಾರ್ಕ್‌ಗಳು, ಉಳಿಸಿದ ಪಾಸ್‌ವರ್ಡ್‌ಗಳು ಹೋಗುವುದಿಲ್ಲ. ಎಕ್ಸ್‌ಟೆನ್ಶನ್‌ಗಳೆಲ್ಲ ನಿಷ್ಕ್ರಿಯವಾಗುತ್ತವೆ, ಕುಕೀಗಳು ಅಳಿಯುವುದರಿಂದ ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ.

ರೀಸೆಟ್ ನಂತರ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ, ನಡುವೆ ಒಂದೆರಡು ದಿನ ಬಿಟ್ಟು ಆನ್ ಮಾಡಿ. ವರ್ಷಗಳಿಂದ ಬಳಸುತ್ತಿದ್ದೇನೆ ಎಂಬ ಕಾರಣಕ್ಕೆ ಯಾವುದಕ್ಕೂ ವಿನಾಯಿತಿ ಕೊಡಬೇಡಿ. ಬಹಳ ಜನಪ್ರಿಯವಾಗಿದ್ದ ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ 2020ರಲ್ಲಿ ಬೇರೆಯವರ ಕೈಸೇರಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಗುರುತಿಸಿ ಸ್ಟೋರ್‌ನಿಂದ ತೆಗೆಯಿತು. ಬಳಸುತ್ತಿದ್ದವರು ತಮ್ಮ ಕಡೆಯಿಂದ ಏನನ್ನೂ ಬದಲಾಯಿಸಿರಲಿಲ್ಲ.

ನಿಮ್ಮಲ್ಲಿದ್ದ ಎಕ್ಸ್‌ಟೆನ್ಶನ್‌ಗೆ ಎಲ್ಲ ತಾಣಗಳ ಮಾಹಿತಿಯನ್ನು ಓದುವ ಅನುಮತಿ ಇದ್ದಿದ್ದರೆ, ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಇನ್ನೊಂದು ಶುದ್ಧ ಸಾಧನದಿಂದ ಇಂದೇ ಬದಲಾಯಿಸಿ; ಶುಚಿಗೊಳಿಸುವ ಕೆಲಸ ಮುಗಿಯಲಿ ಎಂದು ಕಾಯಬೇಡಿ. ಪಾಲಿಸಿ ಪುಟದಲ್ಲಿ ಕಂಡದ್ದನ್ನು ಇಲ್ಲಿ ಬರೆದರೆ ಯಾವ ನಮೂದನ್ನು ತೆಗೆಯಬೇಕೆಂದು ಒಟ್ಟಿಗೆ ನೋಡೋಣ.