ಹಿಮದಲ್ಲಿ ಓಡಿಸಲು ನಾಲ್ಕಿಂಚು ಟೈರಿನ ಸೈಕಲ್ಲೇ ಬೇಕಾ?

ಬೇಡ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದವನು. ಟೈರು ದಪ್ಪವಾದಷ್ಟೂ ಹಿಡಿತ ಜಾಸ್ತಿ ಅನ್ನೋ ಲೆಕ್ಕ ತಾನೇ? ಮೆತ್ತನೆಯ ಹಿಮದಲ್ಲಿ ಹೂತುಹೋಗದಿರಲು ದಪ್ಪ ಟೈರು ಒಳ್ಳೆಯದೇ. ಆದರೆ ಬೀಳಿಸುವುದು ಮಂಜುಗಡ್ಡೆ. ಅದರ ಮೇಲೆ ಬರೀ ರಬ್ಬರು ಎಷ್ಟು ಅಗಲವಿದ್ದರೂ ಜಾರುತ್ತದೆ.

ಈಗಿರುವ ಸೈಕಲ್ಲಿಗೇ ಸ್ಟಡ್ ಟೈರು, ಅಂದರೆ ಪುಟ್ಟ ಮೊಳೆಗಳಿರುವ ಟೈರು ಹಾಕಿಸಿ. ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡ್‌ನದಾಗಿರಲಿ. ಬರೀ ಸ್ಟೀಲಿನದು ಡಾಂಬರಿಗೆ ಬೇಗ ಸವೆಯುತ್ತದೆ. ಒಂದೇ ಟೈರಿಗೆ ದುಡ್ಡಿದ್ದರೆ ಮುಂದಿನ ಚಕ್ರಕ್ಕೆ ಹಾಕಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಅಷ್ಟು ಸಮಯ ಕೊಡುವುದಿಲ್ಲ. ಮೊದಲ 40–50 ಕಿ.ಮೀ. ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ, ಮೊಳೆಗಳು ರಬ್ಬರಿನಲ್ಲಿ ಸರಿಯಾಗಿ ಕೂರುತ್ತವೆ. ಗಾಳಿ ಹೊರಗಿನ ಚಳಿಯಲ್ಲೇ ನೋಡಿ: 20 ಡಿಗ್ರಿಯಲ್ಲಿ ತುಂಬಿದ 60 ಪಿಎಸ್‌ಐ, ಮೈನಸ್ 10ರಲ್ಲಿ ಸುಮಾರು 52ಕ್ಕೆ ಇಳಿದಿರುತ್ತದೆ.

ಸೈಕಲ್ಲನ್ನು ಕೆಡಿಸುವ ದೊಡ್ಡ ತಪ್ಪು ನಡೆಯುವುದು ಮನೆಗೆ ಬಂದ ಮೇಲೆ. ಹಿಮ ಮೆತ್ತಿದ ಸೈಕಲ್ಲನ್ನು ಹಾಗೇ ಬೆಚ್ಚಗಿನ ಕೋಣೆಯಲ್ಲಿ ನಿಲ್ಲಿಸಿದರೆ ಹಿಮ ಕರಗಿ, ನೀರು ಕೇಬಲಿನ ಕವಚದೊಳಗೂ, ಪೆಡಲು ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗಲು ಬಿಡುವ ಫ್ರೀವೀಲಿನೊಳಗೂ ಇಳಿಯುತ್ತದೆ. ಬೆಳಿಗ್ಗೆ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಆ ನೀರು ಹೆಪ್ಪುಗಟ್ಟುತ್ತದೆ. ಆಗ ಗೇರು ಬೀಳುವುದಿಲ್ಲ, ಹಿಡಿದ ಬ್ರೇಕು ಬಿಡುವುದಿಲ್ಲ. ಫ್ರೀವೀಲಿನೊಳಗೆ ಸ್ಪ್ರಿಂಗಿನ ಬಲದಿಂದ ಎದ್ದು ಹಲ್ಲು ಕಚ್ಚಬೇಕಾದ ಸಣ್ಣ ನಾಲಿಗೆಗಳು ಮಲಗಿದಲ್ಲೇ ಅಂಟಿಕೊಂಡರೆ ಪೆಡಲು ಸುಮ್ಮನೆ ತಿರುಗುತ್ತದೆ, ಚಕ್ರ ಕದಲುವುದಿಲ್ಲ. ಅಲ್ಲಿ ದಪ್ಪ ಗ್ರೀಸು ತುಂಬಿದ್ದರೂ ಇದೇ ಗತಿ, ಚಳಿಗೆ ಅದು ಗಟ್ಟಿಯಾಗುತ್ತದೆ. ಬಿಸಿನೀರು ಸುರಿದು ಬಿಡಿಸುವವರಿದ್ದಾರೆ. ಒಳಗೆ ಇನ್ನಷ್ಟು ನೀರು ಸೇರಿಸಿದಂತಾಯಿತು, ಅಷ್ಟೇ.

ಆದ್ದರಿಂದ ಚಳಿಗಾಲ ಪೂರ್ತಿ ತಣ್ಣನೆಯ ಶೆಡ್ಡಿನಲ್ಲೇ ಇಡಿ. ಒಳಗೆ ತರಲೇಬೇಕೆಂದರೆ ಬಾಗಿಲಾಚೆಯೇ ಬ್ರಷ್‌ನಿಂದ ಹಿಮ ಕೊಡವಿ, ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಹೊರಗೆ ತೆಗೆಯಿರಿ. ರಸ್ತೆಗೆ ಉಪ್ಪು ಹಾಕುವ ಕಡೆ ಚೈನು ಒಂದು ರಾತ್ರಿಯಲ್ಲೇ ತುಕ್ಕು ತೋರಿಸುತ್ತದೆ. ಒರೆಸಿ, ಪ್ರತಿ ಕೊಂಡಿಗೂ ಒಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಒರೆಸಿಬಿಡಿ.

ಸೀಟು ಒಂದೆರಡು ಸೆಂ.ಮೀ. ಇಳಿಸಿ, ಕಾಲು ಬೇಗ ನೆಲಕ್ಕೆ ಸಿಗಬೇಕು. ಶೂ ಲಾಕ್ ಆಗುವ ಪೆಡಲು ಬೇಡ, ಅದರ ಸಂದಿಗೆ ಹಿಮ ತುಂಬಿಕೊಳ್ಳುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ. ಮಂಜುಗಡ್ಡೆಯ ಮೇಲೆ ಬಂದಾಗಿದ್ದರೆ ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸದೆ ನೇರ ದಾಟಿಬಿಡಿ.