ನಾಲ್ಕನೇ ಪುಟದ ಅಪ್ಪನನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ.

ನೀವು ಕಳಿಸಿದ ‘ಎಸಿ ರೂಮಿನ ಪರಿಸರ ಪ್ರೇಮಿಗಳಿಗೆ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಸಾಲು ಬರೆದು ವಾಪಸು ಕಳಿಸುವ ಲೇಖನವೂ ಅಲ್ಲ ಇದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು. ಹೆಬ್ರಿ ಕಡೆಯ ನಿಮ್ಮ ಊರು ಕೇಂದ್ರ ಸರ್ಕಾರ ಮಾಡಿದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿದೆ. ಊರಿನವರಿಗೆ ಸರ್ಕಾರದ ಮೇಲೂ ನಂಬಿಕೆ ಇಲ್ಲ, ಪರಿಸರ ಹೋರಾಟಗಾರರ ಮೇಲೂ ಇಲ್ಲ. ಕಾಡು ಉಳಿಸಿದವರು ನಾವು, ಈಗ ನಮ್ಮನ್ನೇ ಎಬ್ಬಿಸಲು ನೋಡುತ್ತಿದ್ದಾರೆ ಅನ್ನುತ್ತೀರಿ. ಮಾತು ತೂಕದ್ದೇ. ಆದರೆ ಐದು ಪುಟದಲ್ಲಿ ನಾಲ್ಕು ಪುಟ ಬರೀ ಬೈಗುಳ.

ನಾಲ್ಕನೇ ಪುಟದ ಕೊನೆಗೆ ಒಂದು ಪ್ಯಾರಾ ಉಂಟು. ಸರ್ವೆಯವರು ಬರುತ್ತಾರೆ ಅಂತ ಸುದ್ದಿ ಬಂದರೆ ಸಾಕು, ನಿಮ್ಮ ಅಪ್ಪ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸುತ್ತಾರೆ. ಅದರೊಳಗೆ ಒಂದು ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯಲ್ಲಿ ಜಾಗ, ಬೆಳೆಯ ದಾಖಲೆಯಾದ ಹಳೇ ಅಡಂಗಲ್, ತೀರ್ವೆ (ಕಂದಾಯ) ಕಟ್ಟಿದ ರಶೀದಿಗಳು, ಗೇಣಿ ಭೂಮಿ ನಮಗಾಗಲಿ ಅಂತ ಕೊಟ್ಟ ಡಿಕ್ಲರೇಶನ್ನಿನ ಆರ್ಡರು, ಮಡಿಸಿದಲ್ಲೆಲ್ಲ ಹರಿದ ಒಂದು ನಕ್ಷೆ. ಎಲ್ಲವನ್ನೂ ಚಾವಡಿಯಲ್ಲಿ ಹರಡಿ, ಒಂದೊಂದಾಗಿ ನೋಡಿ, ಮತ್ತೆ ಕಟ್ಟಿಡುತ್ತಾರೆ. ಆ ದಿನ ಯಾರೂ ಬರುವುದಿಲ್ಲ.

ಮಾರಾಯ್ರೇ, ನಿಮ್ಮ ಲೇಖನ ಇರುವುದು ಅಲ್ಲಿ! ಅದನ್ನು ಎಂಟು ಸಾಲಿನಲ್ಲಿ ಮುಗಿಸಿ ಮತ್ತೆ ಬೈಯಲು ಹೊರಟುಬಿಟ್ಟಿದ್ದೀರಿ.

ಅಪ್ಪ ಯಾಕೆ ಕಾಗದ ಎಣಿಸುತ್ತಾರೆ? ಇದನ್ನು ನೀವು ಕೇಳಲೇ ಇಲ್ಲ. ನಮ್ಮ ಕಡೆ 1974ರ ಭೂಸುಧಾರಣೆಯ ನಂತರ ಎಷ್ಟೋ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಆ ಮನೆಗಳಲ್ಲಿ ಒಂದು ಸರ್ಕಾರಿ ಕಾಗದ ಅಂದರೆ ದೇವರ ಫೋಟೋ ಇದ್ದ ಹಾಗೆ. ಕೊಟ್ಟ ಸರ್ಕಾರವೇ ಇನ್ನೊಂದು ಕಾಗದ ತಂದು ಕಿತ್ತುಕೊಳ್ಳಬಹುದು ಅನ್ನುವ ಹೆದರಿಕೆಯೂ ಅದೇ ಮನೆಗಳಲ್ಲಿ ಉಂಟು. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಕುಮ್ಕಿಯನ್ನೇ ತೆಗೆದುಕೊಳ್ಳಿ. ಮದರಾಸು ಪ್ರಾಂತ್ಯದ ಕಾಲದಿಂದ ವರ್ಗ ಜಾಗದ (ಪಟ್ಟಾ ಇರುವ ಸ್ವಂತ ಕೃಷಿಭೂಮಿಯ) ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಒಣ ಸೌದೆ, ಹುಲ್ಲು ತೆಗೆಯುವ ಸವಲತ್ತು ಕೃಷಿಕರಿಗೆ ಇದೆ. ಜಾಗ ನಮ್ಮದಲ್ಲ, ಆದರೆ ಅದಿಲ್ಲದೆ ಹಟ್ಟಿ ಇಲ್ಲ, ಗೊಬ್ಬರ ಇಲ್ಲ, ತೋಟ ಇಲ್ಲ. ಈ ‘ನಮ್ಮದಲ್ಲ, ಆದರೆ ನಮ್ಮದು’ ಅನ್ನುವ ಸ್ಥಿತಿಯಲ್ಲಿ ಮೂರು ತಲೆಮಾರು ಬದುಕಿದವರಿಗೆ ಗಡಿಕಲ್ಲು ಕಂಡರೆ ಎದೆ ಹಾರುವುದು ಸಹಜ ಅಲ್ವಾ?

ನನ್ನದೇ ಒಂದು ನೆನಪು ಹೇಳುತ್ತೇನೆ. ಕಾರ್ಕಳದ ಹತ್ತಿರ ನನ್ನ ಅಜ್ಜಿ ಮನೆ. ಮಳೆ ಹಿಡಿಯುವ ಮೊದಲು ಅಜ್ಜಿ ಹಾಡಿಯಿಂದ ತರಗೆಲೆ ಗುಡಿಸಿ ದೊಡ್ಡ ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ತರುತ್ತಿದ್ದರು. ಒಂದು ವರ್ಷ ಹೋಗಿ ನೋಡಿದರೆ ಗುಡ್ಡೆ ತುಂಬ ಸಾಲು ಸಾಲು ಗುಂಡಿ, ಪಕ್ಕದಲ್ಲಿ ಸಣ್ಣ ಸಣ್ಣ ತೊಟ್ಟೆಗಳಲ್ಲಿ ಅಕೇಶಿಯಾ ಸಸಿ. ಕೆಲವೇ ವರ್ಷದಲ್ಲಿ ಅದು ಎತ್ತರಕ್ಕೆ ಬೆಳೆಯಿತು, ಅಡಿಯಲ್ಲಿ ಹುಲ್ಲು ಹೋಯಿತು. ಅದರ ಎಲೆ ಹಟ್ಟಿಗೆ ಹಾಕಿದರೆ ಬೇಗ ಕರಗುವುದೂ ಇಲ್ಲ. ಊರಿಗೆ ಹಸಿರು ಬಂತು ಅಂತ ಹೊರಗಿನವರು ಖುಷಿಪಟ್ಟರು. ಅಜ್ಜಿ ಹೇಳಿದ್ದು ಒಂದೇ ಮಾತು: ‘ನಮ್ಮನ್ನೊಂದು ಮಾತು ಕೇಳಬಹುದಿತ್ತಲ್ಲ.’ ಆಮೇಲೆ ಹಸಿರಿನ ಹೆಸರು ಹೇಳಿಕೊಂಡು ಯಾರೇ ಬಂದರೂ ಅಜ್ಜಿ ಚಾವಡಿಯಿಂದ ಇಳಿಯುತ್ತಿರಲಿಲ್ಲ.

ನೀವು ಬರೆಯಬೇಕಾದ್ದು ಇಂಥದ್ದನ್ನು.

ಈಗ ತಪ್ಪುಗಳ ವಿಷಯ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ ಎರಡು ಸಮಿತಿಗಳ ವರದಿ, ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ, ಎರಡನ್ನೂ ನೀವು ಒಂದೇ ಮಾಡಿಬಿಟ್ಟಿದ್ದೀರಿ. ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಇಡೀ ಪಶ್ಚಿಮ ಘಟ್ಟವನ್ನು ಮೂರು ವಲಯ ಮಾಡಿತ್ತು, ನಿರ್ಧಾರದಲ್ಲಿ ಗ್ರಾಮಸಭೆಗೆ ದೊಡ್ಡ ಪಾಲು ಇರಬೇಕು ಅಂದಿತ್ತು. ಆದರೆ ಆ ವರದಿಯನ್ನು ಜನರ ಮುಂದೆ ಇಡಿಸಲಿಕ್ಕೇ ಮಾಹಿತಿ ಹಕ್ಕಿನಲ್ಲಿ ಹೋರಾಡಬೇಕಾಯಿತು, 2012ರಲ್ಲಷ್ಟೇ ಅದು ಹೊರಗೆ ಬಂತು. ಕಸ್ತೂರಿರಂಗನ್ ಸಮಿತಿಯದ್ದು 2013ರದ್ದು. ಅವರು ಉಪಗ್ರಹದ ಚಿತ್ರ ಇಟ್ಟುಕೊಂಡು ಘಟ್ಟದ ಶೇಕಡಾ 37ರಷ್ಟನ್ನು ಗುರುತಿಸಿದರು. ಒಂದು ಗ್ರಾಮದ ಶೇಕಡಾ 20 ಅಥವಾ ಅದಕ್ಕಿಂತ ಜಾಸ್ತಿ ಭಾಗ ಅದರೊಳಗೆ ಬಂದರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ನಿಮ್ಮ ಊರಿನವರ ಸಿಟ್ಟಿಗೆ ಇದಕ್ಕಿಂತ ಗಟ್ಟಿ ಕಾರಣ ಬೇಕಾ? ಮೇಲಿನಿಂದ ಫೋಟೋ ತೆಗೆದರು, ಕೆಳಗೆ ಯಾರ ಹತ್ತಿರವೂ ಮಾತಾಡಲಿಲ್ಲ ಅಂತ ಅವರಿಗೆ ಅನ್ನಿಸಿದ್ದು ಇದರಿಂದ. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ. ಇರುವುದು ‘ಅಡಿಕೆ ತೋಟ ಮಾಡಲು ಬಿಡುವುದಿಲ್ಲ, ಜಾಗ ಮಾರಲು ಆಗುವುದಿಲ್ಲ’ ಎನ್ನುವ ಸಾಲು. ಕಸ್ತೂರಿರಂಗನ್ ವರದಿಯ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ತಡೆಯುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ‘ಕೆಂಪು ಪಟ್ಟಿ’ಯ ಕೈಗಾರಿಕೆ, ದೊಡ್ಡ ದೊಡ್ಡ ಕಟ್ಟಡಗಳನ್ನು. ಜಾಗದ ಮಾಲೀಕತ್ವ ಬದಲಾಗುವುದಕ್ಕೆ ಅಡ್ಡಿಯಿಲ್ಲ ಅಂತ ಅದರಲ್ಲೇ ಇದೆ. ಊರಲ್ಲಿ ಗಾಳಿಸುದ್ದಿ ಇದ್ದರೆ ಗಾಳಿಸುದ್ದಿ ಅಂತಲೇ ಬರೆಯಿರಿ, ಅದು ಯಾಕೆ ಅಷ್ಟು ಬೇಗ ಹಬ್ಬಿತು ಅಂತಲೂ ಬರೆಯಿರಿ. ನಿಜ ಅಂತ ಬರೆಯಬೇಡಿ.

ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತ ಲೆಕ್ಕಕ್ಕೆ ಹಿಡಿದ ಜಾಗದ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ಅದಕ್ಕೆ ಒಂದು ಪುಟ ಕೊಡಿ. 1996ರ ಸುಪ್ರೀಂ ಕೋರ್ಟಿನ ಆದೇಶದ ನಂತರ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಹಾಗೆ ಗುರುತಾಯಿತು. 2022ರಲ್ಲಿ ಅದು ಸುಮಾರು 3.3 ಲಕ್ಷಕ್ಕೆ ಇಳಿಯಿತು. ಅಂದರೆ ಆರು ಲಕ್ಷಕ್ಕೂ ಜಾಸ್ತಿ ಹೆಕ್ಟೇರ್ ವರ್ಷಗಟ್ಟಲೆ ಕಾಗದದಲ್ಲಿ ಕಾಡಾಗಿತ್ತು, ಆಮೇಲೆ ಅಲ್ಲ ಅಂತಾಯಿತು. ಆ ನಡುವೆ ಸರ್ಕಾರಿ ಜಾಗದಲ್ಲಿ ಮಾಡಿದ ಕೃಷಿಯನ್ನು ಸಕ್ರಮ ಮಾಡಿಕೊಡಿ ಅಂತ ‘ಅಕ್ರಮ ಸಕ್ರಮ’ಕ್ಕೆ ಅರ್ಜಿ ಹಾಕಿ ಕುಳಿತವರು ನಿಮ್ಮ ಊರಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮನೆಗೆ ಹೋಗಿ. ಚಾ ಕುಡಿದು ಮಾತಾಡಿ.

ಇನ್ನು ನಿಮ್ಮ ಪರಿಸರ ಹೋರಾಟಗಾರ್ತಿ. ಬೆಂಗಳೂರಿನಿಂದ ಕಾರಲ್ಲಿ ಬರುತ್ತಾಳೆ, ಫೋಟೋ ತೆಗೆಯುತ್ತಾಳೆ, ಹೋಗುತ್ತಾಳೆ. ಅವಳ ಬಾಯಲ್ಲಿ ಒಂದೂ ಸರಿಯಾದ ಮಾತು ಬರಲು ನೀವು ಬಿಟ್ಟಿಲ್ಲ. ಇದು ನನಗೆ ಬೇಸರ ಆದ ಜಾಗ. ನಮ್ಮ ಜಿಲ್ಲೆಗಳ ಕಥೆ ಹಾಗಿಲ್ಲ. ಮಂಗಳೂರು ವಿಶೇಷ ಆರ್ಥಿಕ ವಲಯಕ್ಕೆ ಪೆರ್ಮುದೆ, ಕುತ್ತೆತ್ತೂರು ಕಡೆ ಭೂಮಿ ಕೇಳಿದಾಗ ರೈತರ ಜೊತೆ ನಿಂತವರಲ್ಲಿ ಪರಿಸರದವರೂ ಇದ್ದರು, ಪೇಜಾವರ ಸ್ವಾಮೀಜಿಯವರೂ ಇದ್ದರು. 2011ರಲ್ಲಿ ಸರ್ಕಾರ ಎರಡನೇ ಹಂತದ ಎರಡು ಸಾವಿರಕ್ಕೂ ಜಾಸ್ತಿ ಎಕರೆಯನ್ನು ಕೈಬಿಟ್ಟಿತು. ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವಿಷಯದಲ್ಲಿಯೂ ಕರಾವಳಿಯ ರೈತರು, ಪರಿಸರದವರು ಒಟ್ಟಿಗೇ ಬೀದಿಗಿಳಿದಿದ್ದರು. ಆ ಯೋಜನೆಯ ಮೊದಲ ಹಂತ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರಿನಲ್ಲಿ. ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದ್ದೂ ಅದೇ ತಿಂಗಳು. ಘಟ್ಟದಲ್ಲಿ ಪೈಪು ಹಾಕಲು ಮರ ಉರುಳಿದರೆ ಅಭಿವೃದ್ಧಿ, ನಾವು ದನ ಮೇಯಿಸಿದರೆ ಅಪರಾಧವಾ ಅಂತ ನಿಮ್ಮ ಊರಿನವರು ಕೇಳುವ ಪ್ರಶ್ನೆಯನ್ನು ಆ ಹುಡುಗಿಯ ಎದುರು ಇಡಿ. ಅವಳು ಹೂಂ ಅನ್ನಬಹುದು. ಆಗ ನಿಮ್ಮ ಲೇಖನ ಬೇರೆಯೇ ದಾರಿ ಹಿಡಿಯುತ್ತದೆ.

ಇನ್ನೊಂದು ಪ್ರಶ್ನೆ, ನೇರವಾಗಿ ಕೇಳುತ್ತೇನೆ. ಲೇಖನದಲ್ಲಿ ಕಲ್ಲುಕೋರೆ ಎಲ್ಲಿ? ರೆಸಾರ್ಟು ಎಲ್ಲಿ? ಈ ಪಟ್ಟಿಯ ವಿರುದ್ಧ ನಿಮ್ಮ ಊರಲ್ಲಿ ನಡೆದ ಪ್ರತಿಭಟನೆಯ ದಿನ ಶಾಮಿಯಾನ, ಮೈಕು, ಜೀಪುಗಳಿಗೆ ದುಡ್ಡು ಕೊಟ್ಟವರು ಯಾರು ಅಂತ ವಿಚಾರಿಸಿದ್ದೀರಾ? ಊರಿನವರೇ ಚಂದಾ ಹಾಕಿದ್ದರೆ ಹಾಗೇ ಬರೆಯಿರಿ, ನಾನು ಖುಷಿಯಿಂದ ಹಾಕುತ್ತೇನೆ. ಅಲ್ಲದಿದ್ದರೆ ಅದನ್ನೂ ಬರೆಯಬೇಕು. ನಿಮ್ಮ ಅಪ್ಪನ ಹೆದರಿಕೆಯ ಹಿಂದೆ ಬೇರೆಯವರು ಅಡಗಿ ಕೂರಲು ನೀವು ಜಾಗ ಮಾಡಿಕೊಡಬಾರದು.

ಭಾಷೆ ಬಗ್ಗೆ ಸ್ವಲ್ಪವೇ. ‘ಅನ್ನದಾತ’ ಒಂಬತ್ತು ಸಲ ಬಂದಿದೆ, ‘ಪ್ರಕೃತಿ ಮಾತೆ’ ಆರು ಸಲ. ನಿಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಹಾಡಿ, ಗುಡ್ಡೆ, ಸೊಪ್ಪು, ಕುಮ್ಕಿ ಅನ್ನಿ, ಸಾಕು.

ದೀಪಾವಳಿ ಒಳಗೆ ತಿದ್ದಿ ಕಳಿಸಿ, ಉದ್ದ ಆದರೂ ಪರವಾಗಿಲ್ಲ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಅಪ್ಪನ ಜೊತೆ ಕೂತು ಆ ತೊಟ್ಟೆ ಬಿಚ್ಚಿ. ಎಲ್ಲ ನೋಡಿಯಾದ ಮೇಲೆ ಯಾವ ಕಾಗದವನ್ನು ಅವರು ಎಲ್ಲದರ ಮೇಲೆ ಇಡುತ್ತಾರೆ ಅಂತ ಗಮನಿಸಿ. ಯಾಕೆ ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಲೇಖನ ಅಲ್ಲಿಂದ ಶುರುವಾಗಲಿ.