ಒಟಿಪಿ ಬರುವ ನಂಬರೇ ಇಲ್ಲವಾದಾಗ ಜಿಮೇಲ್ ತೆರೆಯುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಶಿವಮೊಗ್ಗದಲ್ಲಿದ್ದೇನೆ. ಮಗ ಹೊಸ ಫೋನ್ ಕೊಡಿಸಿದ್ದಾನೆ. ಅದರಲ್ಲಿ ನನ್ನ ಜಿಮೇಲ್ ಹಾಕಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ಆ ಸಿಮ್‌ಗೆ ರೀಚಾರ್ಜ್ ಮಾಡಿಸದೆ ಕೆಲವು ತಿಂಗಳುಗಳಾದವು. ಹಳೆಯ ಫೋನ್ ಬೀರುವಿನಲ್ಲಿದೆ. ಪಿಂಚಣಿಯ ಕಾಗದಪತ್ರಗಳು, ತೀರಿಕೊಂಡ ಯಜಮಾನರ ಫೋಟೊಗಳು ಎಲ್ಲವೂ ಆ ಖಾತೆಯಲ್ಲಿವೆ. ಮೊಬೈಲ್ ಅಂಗಡಿಯವರೊಬ್ಬರು ಮೂರು ಸಾವಿರ ರೂಪಾಯಿ ಕೊಟ್ಟರೆ ತೆರೆದುಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಗೂಗಲ್ ಈ ಕೆಲಸವನ್ನು ಯಾವ ಅಂಗಡಿಗೂ ಏಜೆಂಟರಿಗೂ ವಹಿಸಿಲ್ಲ. ಅವರು ನಿಮ್ಮೆದುರು ಕುಳಿತು ತುಂಬುವುದೂ ಗೂಗಲ್‌ನ ಅದೇ ಉಚಿತ ರಿಕವರಿ ಪುಟವನ್ನೇ. ನಿಮಗೆ ಬಂದ ಕೋಡ್ ಅವರ ಕೈಗೆ ಸಿಕ್ಕರೆ ಖಾತೆಯೂ ಅವರ ಕೈಗೆ ಹೋದಂತೆ. ‘ಜಿಮೇಲ್ ಸಹಾಯವಾಣಿ’ ಎಂದು ಹುಡುಕಿದಾಗ ಕಾಣುವ ದೂರವಾಣಿ ಸಂಖ್ಯೆಗಳಿಗೂ ಕರೆ ಮಾಡಬೇಡಿ. ಉಚಿತ ಜಿಮೇಲ್ ಖಾತೆಯನ್ನು ಫೋನಿನಲ್ಲಿ ಮಾತನಾಡಿ ತೆರೆದುಕೊಡುವ ವ್ಯವಸ್ಥೆ ಗೂಗಲ್‌ನಲ್ಲಿ ಇಲ್ಲವೇ ಇಲ್ಲ. ಕರೆ ಎತ್ತಿದವರು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಅವರ ಕಣ್ಣು ನಿಮ್ಮ ಬ್ಯಾಂಕಿನ ಮೇಲಿದೆ ಎಂದೇ ತಿಳಿಯಿರಿ.

ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಮಾತೆಂದರೆ ಹಳೆಯ ಫೋನ್ ಇನ್ನೂ ಮನೆಯಲ್ಲಿದೆ ಎಂಬುದು. ಎಷ್ಟೋ ಜನ ಅದನ್ನು ವಿನಿಮಯಕ್ಕೆ ಕೊಟ್ಟು, ಆಮೇಲೆ ಪತ್ರ ಬರೆಯುತ್ತಾರೆ. ದಯವಿಟ್ಟು ಅದನ್ನು ಯಾರಿಗೂ ಕೊಡಬೇಡಿ, ರೀಸೆಟ್ ಮಾಡಲೂ ಬಿಡಬೇಡಿ. ರೀಸೆಟ್ ಮಾಡಿದರೆ ಆಂಡ್ರಾಯ್ಡ್ ಫೋನ್ ಮತ್ತೆ ಚಾಲೂ ಆಗುವಾಗ ಅದೇ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಬಹುದು. ಆಗ ಖಾತೆಯ ಜೊತೆಗೆ ಫೋನೂ ಕೈತಪ್ಪೀತು.

ಅದನ್ನು ಚಾರ್ಜಿಗೆ ಹಾಕಿ, ಮನೆಯ ವೈಫೈಗೆ ಜೋಡಿಸಿ. ವೈಫೈ ಇಲ್ಲದಿದ್ದರೆ ಹೊಸ ಫೋನಿನ ಹಾಟ್‌ಸ್ಪಾಟ್ ಸಾಕು. ಸಿಮ್ ಬೇಕಿಲ್ಲ. ಜಿಮೇಲ್ ಆ್ಯಪ್ ತೆರೆದು ನೋಡಿ. ಪಾಸ್‌ವರ್ಡ್ ಮರೆತವರು ನೀವು, ಫೋನಲ್ಲ. ಆ ಫೋನಿನಿಂದ ನೀವು ಲಾಗ್ ಔಟ್ ಆಗಿರದಿದ್ದರೆ ಅಂಚೆ ಹಾಗೆಯೇ ತೆರೆದುಕೊಳ್ಳುವ ಸಾಧ್ಯತೆ ಹೆಚ್ಚು. ತೆರೆದರೆ ಪಾಸ್‌ವರ್ಡಿನ ಗೊಡವೆಗೆ ಆಗಲೇ ಹೋಗಬೇಡಿ. ಗೂಗಲ್ ಫೋಟೊಸ್‌ಗೆ ಹೋಗಿ ಯಜಮಾನರ ಚಿತ್ರಗಳನ್ನು ಫೋನಿಗೆ ಇಳಿಸಿಕೊಳ್ಳಿ, ಪಿಂಚಣಿಯ ಕಡತಗಳನ್ನೂ ಇಳಿಸಿಕೊಳ್ಳಿ. ಅವನ್ನು ಮಗನ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿಸಿ. ಮುಂದೆ ಏನೇ ಆದರೂ ಅವು ನಿಮ್ಮವಾಗಿ ಉಳಿಯಲಿ.

ಆಮೇಲೆ ಹೊಸ ಫೋನಿನಲ್ಲಿ ಮತ್ತೆ ಲಾಗಿನ್ ಮಾಡಲು ಹೋಗಿ. ಒಟಿಪಿ ಕಳಿಸುತ್ತೇನೆ ಎಂದಾಗ ‘ಬೇರೆ ವಿಧಾನ ಪ್ರಯತ್ನಿಸಿ’ ಎಂಬುದನ್ನು ಒತ್ತಿ. ಹಳೆಯ ಫೋನಿನ ಪರದೆಯಲ್ಲಿ ‘ಲಾಗಿನ್ ಆಗುತ್ತಿರುವವರು ನೀವೇನಾ’ ಎಂಬ ಪ್ರಶ್ನೆ ಮೂಡಬಹುದು. ಹೌದು ಎಂದು ಒತ್ತಿದರೆ ಬಾಗಿಲು ತೆರೆಯುತ್ತದೆ. ಕೆಲವೊಮ್ಮೆ ಹೊಸ ಫೋನಿನಲ್ಲಿ ಕಾಣುವ ಸಂಖ್ಯೆಯನ್ನೇ ಹಳೆಯದರಲ್ಲೂ ಆರಿಸಬೇಕಾಗುತ್ತದೆ. ಈ ಪ್ರಶ್ನೆ ಬರುವುದು ಇಂಟರ್ನೆಟ್ ಮೂಲಕ, ನಂಬರಿನ ಮೂಲಕವಲ್ಲ. ಹಾಗಾಗಿ ಸತ್ತ ಸಿಮ್ ಇದಕ್ಕೆ ಅಡ್ಡಿಯಲ್ಲ. ಒಂದು ಎಚ್ಚರಿಕೆ: ನೀವಾಗಿ ಲಾಗಿನ್ ಮಾಡದಿರುವಾಗ ಈ ಪ್ರಶ್ನೆ ಬಂದರೆ ಎಂದಿಗೂ ಹೌದು ಎನ್ನಬೇಡಿ.

ಇದು ಫಲಿಸದಿದ್ದರೆ ಹಳೆಯ ಫೋನಿನಲ್ಲೇ ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಉಳಿಸಿಟ್ಟ ಪಾಸ್‌ವರ್ಡ್‌ಗಳ ಪಟ್ಟಿ ನೋಡಿ. ಫೋನಿನ ಲಾಕ್ ತೆಗೆಯುವ ಪಿನ್ ಕೊಟ್ಟರೆ ಅಲ್ಲಿರುವ ಪಾಸ್‌ವರ್ಡ್ ಅಕ್ಷರಗಳಲ್ಲಿ ಕಾಣಿಸುತ್ತದೆ. ಅಲ್ಲಿಯೂ ಇಲ್ಲವೆಂದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟಕ್ಕೆ ಹೋಗಬೇಕು. ಅದನ್ನು ಎಲ್ಲಿ ಕುಳಿತು ತುಂಬುತ್ತೀರಿ ಎಂಬುದು ಇಲ್ಲಿ ಮುಖ್ಯ. ನಿಮ್ಮನ್ನು ಅಳೆಯುವುದು ಯಂತ್ರ. ನೀವು ಸದಾ ಬಳಸುತ್ತಿದ್ದ ಫೋನ್, ಅದೇ ಬ್ರೌಸರ್, ಅದೇ ಮನೆ ಎಂದು ಕಂಡರೆ ಅದರ ಅನುಮಾನ ಇಳಿಯುತ್ತದೆ. ಅದೇ ಅರ್ಜಿಯನ್ನು ಸೈಬರ್ ಕೆಫೆಯಿಂದ ಹಾಕಿದರೆ ನೀವು ಕಳ್ಳರಂತೆ ಕಾಣುತ್ತೀರಿ. ಅಂಗಡಿಗೆ ಹೋಗಬೇಡಿ ಎಂದು ನಾನು ಒತ್ತಿ ಹೇಳಲು ಇದೂ ಕಾರಣ. ನೆನಪಿರುವ ಕೊನೆಯ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಬೇಡಿ. ಹಳೆಯದಾದರೂ ಸರಿ, ಬರೆಯಿರಿ. ಒಂದು ಉತ್ತರ ತಪ್ಪಿದರೆ ಪ್ರಕ್ರಿಯೆ ಅಲ್ಲಿಗೇ ಮುಗಿಯುವುದಿಲ್ಲ. ಆದರೆ ಬೇಸರದಲ್ಲಿ ಒಂದರ ಹಿಂದೊಂದು ಪ್ರಯತ್ನ ಮಾಡಿದರೆ ಗೂಗಲ್ ಸ್ವಲ್ಪ ಕಾಲ ತಡೆಹಿಡಿಯುತ್ತದೆ. ಆಗ ಫೋನ್ ಕೆಳಗಿಟ್ಟು ಮರುದಿನ ನೋಡಿ.

ಸಿಮ್ ವಿಚಾರ. ತೊಂಬತ್ತು ದಿನ ಬಳಕೆಯೇ ಇಲ್ಲದ ನಂಬರನ್ನು ಕಂಪನಿ ರದ್ದು ಮಾಡಬಹುದು. ರದ್ದಾದ ಮೇಲೆ ಇನ್ನೂ ತೊಂಬತ್ತು ದಿನ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಆದ್ದರಿಂದ ಗುರುತಿನ ಚೀಟಿ ಹಿಡಿದು ಈ ವಾರವೇ ಕಂಪನಿಯ ಮಳಿಗೆಗೆ ಹೋಗಿ, ಅದೇ ನಂಬರ್ ಮತ್ತೆ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಕ್ಕರೆ ಒಟಿಪಿಯ ತೊಡಕೇ ಇಲ್ಲ. ಸಿಗದಿದ್ದರೆ ನಾಳೆ ಆ ನಂಬರ್ ಮತ್ತೊಬ್ಬರ ಕೈ ಸೇರಿ, ನಿಮ್ಮ ಒಟಿಪಿಗಳು ಅವರಿಗೆ ಹೋಗುತ್ತವೆ. ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಅದೇ ನಂಬರ್ ಇದ್ದರೆ ಅಲ್ಲಿಯೂ ಬದಲಿಸಲೇಬೇಕು. ಇದು ಜಿಮೇಲ್‌ಗಿಂತ ತುರ್ತಿನ ಕೆಲಸ.

ಖಾತೆಯೊಳಗೆ ಹೋದ ದಿನವೇ ಹಳೆಯ ನಂಬರ್ ತೆಗೆದು ಹೊಸದನ್ನು ಸೇರಿಸಿ, ಮಗನ ಇಮೇಲನ್ನು ರಿಕವರಿ ವಿಳಾಸವಾಗಿ ಕೊಡಿ. ಎರಡು ಹಂತದ ಭದ್ರತೆ ಹಾಕಿಕೊಂಡರೆ ಹತ್ತು ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಪ್ರತಿಯೊಂದೂ ಎಂಟು ಅಂಕಿಯದು, ಒಂದು ಸಲ ಮಾತ್ರ ನಡೆಯುತ್ತದೆ. ಅವನ್ನು ಕಾಗದದ ಮೇಲೆ ಬರೆದು ಪಿಂಚಣಿ ಪುಸ್ತಕದ ಜೊತೆ ಇಡಿ. ಫೋನೂ ಸಿಮ್ಮೂ ಒಟ್ಟಿಗೆ ಕಳೆದುಹೋದ ದಿನ ನೆರವಿಗೆ ಬರುವುದು ಅವೇ.

ಎಲ್ಲ ಮಾಡಿದರೂ ಕೆಲವು ಖಾತೆಗಳು ಮರಳಿ ಸಿಗುವುದಿಲ್ಲ. ನಿಮ್ಮದು ಹಾಗಾಗಲಾರದು ಎಂದು ನಂಬಿದ್ದೇನೆ. ಆದರೂ ತಡಮಾಡಬೇಡಿ. ಎರಡು ವರ್ಷ ಬಳಕೆಯೇ ಇಲ್ಲದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ.

ಪ್ರಶ್ನೆ: ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಉದ್ಯೋಗದ ಹೆಸರಿನಲ್ಲಿ ಬಂದ ಲಿಂಕ್ ತೆರೆದು ಪಾಸ್‌ವರ್ಡ್ ಹಾಕಿಬಿಟ್ಟೆ. ನಿನ್ನೆಯಿಂದ ಖಾತೆ ತೆರೆಯುತ್ತಿಲ್ಲ. ರಿಕವರಿ ನಂಬರನ್ನೂ ಬದಲಿಸಿದ್ದಾರೆ. ಇನ್ನು ದಾರಿಯೇ ಇಲ್ಲವೇ?

ಉತ್ತರ: ಇದೆ, ಆದರೆ ದಿನಗಳ ಲೆಕ್ಕದಲ್ಲಿದೆ. ರಿಕವರಿ ನಂಬರ್ ಬದಲಾದ ಮೇಲೂ ಏಳು ದಿನಗಳವರೆಗೆ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟಿರುತ್ತದೆ. ಹಾಗಾಗಿ ಇದನ್ನು ಓದಿದ ಕೂಡಲೇ ನೀವು ನಿತ್ಯ ಬಳಸುವ ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ರಿಕವರಿ ಆರಂಭಿಸಿ, ನಿಮ್ಮ ಮೊದಲಿನ ನಂಬರನ್ನೇ ಕೊಡಿ.

ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಭದ್ರತೆಯ ಪುಟದಲ್ಲಿ ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿ, ಅವರು ಸೇರಿಸಿದ ನಂಬರ್ ಮತ್ತು ಇಮೇಲ್ ತೆಗೆಯಿರಿ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಿಮ್ಮ ಅಂಚೆಯ ಪ್ರತಿ ತಮಗೂ ಬರುವಂತೆ ಕಳ್ಳರು ಅಲ್ಲಿ ವಿಳಾಸ ಬರೆದಿಡುವುದುಂಟು. ಹೆಚ್ಚಿನವರು ನೋಡದೆ ಬಿಡುವ ಜಾಗ ಅದು. ಅದೇ ಪಾಸ್‌ವರ್ಡನ್ನು ಬೇರೆಡೆ ಬಳಸಿದ್ದರೆ ಅಲ್ಲೆಲ್ಲ ಬದಲಿಸಿ.

ಹಣ ಹೋಗಿದ್ದರೆ ಖಾತೆಯ ಕೆಲಸವನ್ನು ಬದಿಗಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಸಾಧ್ಯತೆ ಹೆಚ್ಚು. ಹಣ ಹೋಗದಿದ್ದರೂ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ವಿಳಾಸದಿಂದ ಸ್ನೇಹಿತರಿಗೆ ಹಣ ಕೇಳುವ ಪತ್ರ ಹೋದರೆ, ಅದು ನಿಮ್ಮದಲ್ಲವೆಂದು ತೋರಿಸಲು ಆ ಚೀಟಿ ಬೇಕಾಗುತ್ತದೆ.